‘ಮುಂಬೈ ಸ್ಪಿರಿಟ್’ ಎಂಬ ಹೊಗಳಿಕೆ ಮತ್ತು ತೆರೆಯ ಮೇಲಿನ ಸೇಡು

ಮುಂಬೈಯಲ್ಲಿ ಬಾಂಬು ಸಿಡಿದ ಮಾರನೆಯ ದಿನ ಪತ್ರಿಕೆಗಳಲ್ಲೂ ಟಿ.ವಿ. ಚಾನೆಲ್‌ಗಳಲ್ಲೂ ಒಂದು ಹೊಗಳಿಕೆ ತಪ್ಪದೆ ಹಾಜರಾಗುತ್ತದೆ. ಇತ್ತೀಚಿನ ದಶಕಗಳಲ್ಲಿ ಅದಕ್ಕೆ ‘ಮುಂಬೈ ಸ್ಪಿರಿಟ್’ ಎಂಬ ಹೆಸರು ಖಾಯಂ ಆಗಿದೆ. 1993ರ ಮಾರ್ಚ್ 12ರ ಶುಕ್ರವಾರ ಸರಣಿ ಸ್ಫೋಟಗಳಲ್ಲಿ 257 ಮಂದಿ ಸತ್ತರು. ಸ್ಫೋಟಕ್ಕೆ ಗುರಿಯಾದ ಷೇರು ವಿನಿಮಯ ಕೇಂದ್ರ ಸೋಮವಾರವೇ ಬಾಗಿಲು ತೆರೆದದ್ದನ್ನು ಎಲ್ಲರೂ ಕೊಂಡಾಡಿದರು. 2006ರ ಜುಲೈ 11ರ ಸಂಜೆ, ಕೆಲಸ ಮುಗಿಸಿ ಮನೆಗೆ ಮರಳುವವರಿಂದ ಕಿಕ್ಕಿರಿದಿದ್ದ ಪಶ್ಚಿಮ ರೈಲ್ವೆಯ ಲೋಕಲ್ ರೈಲುಗಳಲ್ಲಿ 11 ನಿಮಿಷಗಳ ಅವಧಿಯಲ್ಲಿ ಏಳು ಬಾಂಬುಗಳು ಸಿಡಿದವು. 189 ಮಂದಿ ಪ್ರಾಣ ಕಳೆದುಕೊಂಡರು. 800ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮರುದಿನ ರೈಲುಗಳು ಓಡಿದವು, ಕಚೇರಿಗಳು ತೆರೆದವು, ಸೆನ್ಸೆಕ್ಸ್ ಕೂಡ ಮೇಲೇರಿತು. ‘ಮುಂಬೈ ಸೋಲುವುದಿಲ್ಲ’ ಎಂದು ಮಂತ್ರಿಗಳು ಹೇಳಿದರು, ಚಾನೆಲ್‌ಗಳು ಹೇಳಿದವು. ಅಲ್ಲಿಗೆ ಎಲ್ಲವೂ ಮುಗಿಯಿತು ಎಂಬಂತಾಯಿತು.

ಮುಂಬೈ ಜನತೆಯ ಧೈರ್ಯ ಸುಳ್ಳೆಂದು ಇಲ್ಲಿ ವಾದಿಸುತ್ತಿಲ್ಲ. ಜುಲೈ 11ರಂದು ಆಂಬುಲೆನ್ಸ್ ಬರುವ ಮೊದಲೇ ಹಳಿಗಳ ಪಕ್ಕದ ಜೋಪಡಿಗಳಿಂದ ಓಡಿಬಂದವರು ಹಾಸಿಗೆಯ ಚಾದರಗಳಲ್ಲಿ ಗಾಯಾಳುಗಳನ್ನು ಹೊತ್ತೊಯ್ದರು. ಗಾಯಾಳುವಿನ ಹೆಸರು, ಜಾತಿ, ಧರ್ಮ ಯಾರೂ ಕೇಳಲಿಲ್ಲ. 2008ರ ನವೆಂಬರ್ 26ರ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ರೈಲ್ವೆ ಉದ್ಘೋಷಕ ವಿಷ್ಣು ಝೆಂಡೆ ತನ್ನ ಜೀವದ ಹಂಗು ತೊರೆದು, ಮೈಕ್ ಮೂಲಕ ಪ್ರಯಾಣಿಕರನ್ನು ಸುರಕ್ಷಿತ ದಾರಿಯತ್ತ ಕಳಿಸಿದರು. ಅದೇ ರಾತ್ರಿ ಎಎಸ್‌ಐ ತುಕಾರಾಮ್ ಓಂಬ್ಳೆ ಕಸಬ್‌ನ ಬಂದೂಕಿನ ನಳಿಗೆಯನ್ನು ಬಿಗಿಯಾಗಿ ಹಿಡಿದು ಗುಂಡುಗಳಿಗೆ ಎದೆಯೊಡ್ಡಿದರು. ಇವೆಲ್ಲ ಅಪ್ಪಟ ಸತ್ಯ. ಆದರೆ ಈ ಧೈರ್ಯವನ್ನು ಮೆರೆದವರು ಒಬ್ಬರು, ಅದರ ಲಾಭ ಪಡೆಯುವವರು ಇನ್ನೊಬ್ಬರು ಎಂಬುದನ್ನು ನಾವು ಗಮನಿಸಬೇಕು.

ಮಾರನೆಯ ದಿನ ಜನ ಮತ್ತೆ ಅದೇ ರೈಲು ಹತ್ತಿದ್ದೇಕೆ? ವಿರಾರ್‌ನಿಂದ ಚರ್ಚ್‌ಗೇಟ್‌ಗೆ 60 ಕಿಲೋಮೀಟರ್. ಬೇರೆ ದಾರಿ ಅವರಿಗಿರಲಿಲ್ಲ. ದಿನಗೂಲಿಯವನು ಒಂದು ದಿನ ಮನೆಯಲ್ಲಿ ಕುಳಿತರೆ ಆ ದಿನ ಒಲೆ ಉರಿಯುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳಿಗೆ ಮುಂಬೈ ಅನ್ನ ಕೊಟ್ಟ ಊರು. ಅಲ್ಲಿನ ಹೋಟೆಲು, ಅಂಗಡಿ, ಕಚೇರಿಗಳಲ್ಲಿ ದುಡಿದ ನಮ್ಮವರಿಗೆ ಈ ಸತ್ಯ ಚೆನ್ನಾಗಿ ಗೊತ್ತಿದೆ. ಅನಿವಾರ್ಯತೆಯನ್ನು ಶೌರ್ಯವೆಂದು ಕರೆದುಬಿಟ್ಟರೆ ಆಳುವವರಿಗೆ ಬಹಳ ಅನುಕೂಲ. ಶೂರನಿಗೆ ರಕ್ಷಣೆ ಬೇಕಿಲ್ಲ, ಪರಿಹಾರ ಬೇಕಿಲ್ಲ, ಉತ್ತರವೂ ಬೇಕಿಲ್ಲವಲ್ಲ! ಭಯೋತ್ಪಾದಕರ ಕೈವಾಡವೇ ಇಲ್ಲದೆ ಆ ನಗರದ ಲೋಕಲ್ ರೈಲು ಜಾಲದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಹಳಿ ದಾಟುವಾಗಲೋ ಬಾಗಿಲಿನಿಂದ ಬಿದ್ದೋ ಇತರ ಕಾರಣಗಳಿಂದಲೋ ಸಾಯುತ್ತಾರೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಕಾಲ್ಸೇತುವೆಯ ಮೇಲೆ ನೂಕುನುಗ್ಗಲಿಗೆ ಸಿಕ್ಕಿ 23 ಮಂದಿ ಸತ್ತರು. ಮರುದಿನವೂ ಜನ ಅದೇ ನಿಲ್ದಾಣಕ್ಕೆ ಬಂದರು. ಇದನ್ನೂ ‘ಸ್ಪಿರಿಟ್’ ಎನ್ನಬೇಕೇ?

ಈ ಹೊಗಳಿಕೆಯನ್ನು ಮುಂಬೈಯ ಜನರೇ ಒಮ್ಮೆ ತಿರಸ್ಕರಿಸಿದ್ದುಂಟು. 166 ಮಂದಿಯನ್ನು ಬಲಿ ತೆಗೆದುಕೊಂಡ 26/11ರ ದಾಳಿಯ ಒಂದು ವಾರದ ನಂತರ, 2008ರ ಡಿಸೆಂಬರ್ 3ರಂದು, ಸಾವಿರಾರು ಮಂದಿ ಗೇಟ್‌ವೇ ಆಫ್ ಇಂಡಿಯಾದ ಬಳಿ ಸೇರಿ ರಾಜಕಾರಣಿಗಳ ವಿರುದ್ಧ ಧಿಕ್ಕಾರ ಕೂಗಿದರು. ನಮ್ಮ ಸಹನೆಯನ್ನು ಹೊಗಳಬೇಡಿ, ನಮಗೆ ಭದ್ರತೆ ಕೊಡಿ ಎಂಬುದೇ ಅಂದಿನ ಕೂಗಿನ ತಿರುಳು. ಅದಕ್ಕೆ ಕೆಲವೇ ದಿನಗಳ ಹಿಂದೆ, ಹೊಗೆ ಇನ್ನೂ ಪೂರ್ತಿ ಆರದ ತಾಜ್ ಹೋಟೆಲನ್ನು ನೋಡಲು ಹೋದ ಮುಖ್ಯಮಂತ್ರಿ ವಿಲಾಸ್‌ರಾವ್ ದೇಶ್‌ಮುಖ್‌ರ ಜೊತೆಯಲ್ಲಿ ನಟನಾದ ಅವರ ಮಗನೂ ನಿರ್ದೇಶಕ ರಾಮ್‌ಗೋಪಾಲ್ ವರ್ಮಾರೂ ಇದ್ದರು. ಜನ ರೊಚ್ಚಿಗೆದ್ದರು. ಮುಖ್ಯಮಂತ್ರಿ ಹುದ್ದೆ ಕಳೆದುಕೊಂಡರು. ವರ್ಮಾ ಮಾತ್ರ 2013ರಲ್ಲಿ ಆ ದಾಳಿಯ ಕುರಿತೇ ಚಿತ್ರ ತಯಾರಿಸಿ ಬಿಡುಗಡೆ ಮಾಡಿದರು.

ಹಿಂದಿ ಸಿನಿಮಾದ ಪ್ರಶ್ನೆ ಇಲ್ಲಿಂದಲೇ ಆರಂಭವಾಗುತ್ತದೆ. ‘ಸ್ಪಿರಿಟ್’ ಎಂಬುದು ಮಾಧ್ಯಮಗಳು ಹುಟ್ಟಿಸಿದ ಒಂದು ಕತೆಯಾದರೆ, ಅದರ ಜೋಡಿ ಕತೆಯನ್ನು ಸಿನಿಮಾ ಹುಟ್ಟಿಸಿತು. ಮೊದಲ ಕತೆಯಲ್ಲಿ ಜನಸಾಮಾನ್ಯ ಎಲ್ಲವನ್ನೂ ಸಹಿಸುತ್ತಾನೆ. ಎರಡನೆಯದರಲ್ಲಿ ಅವನು ಎದ್ದು ನಿಂತು ತಾನೇ ತೀರ್ಪು ಕೊಡುತ್ತಾನೆ, ತಾನೇ ಶಿಕ್ಷೆ ಜಾರಿ ಮಾಡುತ್ತಾನೆ. 2008ರ ಸೆಪ್ಟೆಂಬರ್ 5ರಂದು ತೆರೆಕಂಡ ನೀರಜ್ ಪಾಂಡೆಯವರ ‘ಎ ವೆಡ್ನೆಸ್‌ಡೇ’ ಈ ಎರಡನೆಯ ಕತೆಯ ಮಾದರಿ. ನಾಸಿರುದ್ದೀನ್ ಶಾ ನಟಿಸಿದ ಹೆಸರಿಲ್ಲದ ಮಧ್ಯಮವರ್ಗದ ವ್ಯಕ್ತಿ ನಗರದಲ್ಲಿ ಬಾಂಬುಗಳಿವೆ ಎಂದು ಬೆದರಿಸಿ, ಪೊಲೀಸ್ ವಶದಲ್ಲಿರುವ ನಾಲ್ವರು ಭಯೋತ್ಪಾದಕರನ್ನು ಹೊರತರಿಸುತ್ತಾನೆ. ಅವನ ಉದ್ದೇಶ ಬಿಡಿಸುವುದಲ್ಲ, ಕೊಲ್ಲುವುದು. ಮೂವರು ಅವನ ಬಾಂಬಿಗೆ ಬಲಿಯಾಗುತ್ತಾರೆ, ನಾಲ್ಕನೆಯವನನ್ನು ಪೊಲೀಸರೇ ಗುಂಡಿಕ್ಕಿ ಮುಗಿಸುತ್ತಾರೆ. ಕಮಿಷನರ್ ಅವನನ್ನು ಹೋಗಲು ಬಿಡುತ್ತಾರೆ. ಅವನ ಕೋಪಕ್ಕೆ ಚಿತ್ರ ಕೊಡುವ ಕಾರಣ 2006ರ ರೈಲು ಸ್ಫೋಟ. ಚಿತ್ರಕ್ಕೆ ಚೊಚ್ಚಲ ನಿರ್ದೇಶನದ ರಾಷ್ಟ್ರಪ್ರಶಸ್ತಿ ದೊರೆಯಿತು. ತಮಿಳು, ತೆಲುಗಿನಲ್ಲೂ ಅದರ ಮರುನಿರ್ಮಾಣವಾಯಿತು.

ಚಿತ್ರ ಚೆನ್ನಾಗಿ ನಿರ್ಮಾಣವಾಗಿದೆ ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಅದರ ತಳಪಾಯದ ಬಗ್ಗೆ. ಪೊಲೀಸರು ಹಿಡಿದವರೇ ಅಪರಾಧಿಗಳು ಎಂಬುದರಲ್ಲಿ ಆ ಚಿತ್ರಕ್ಕೆ ಕಿಂಚಿತ್ತೂ ಸಂಶಯವಿಲ್ಲ. ಅಲ್ಲಿ ನ್ಯಾಯಾಲಯವೆಂದರೆ ವಿಳಂಬ, ಕಾನೂನೆಂದರೆ ಅಡ್ಡಿ. ಆದರೆ ಅದು ತೆರೆಕಂಡ ದಿನ ರೈಲು ಸ್ಫೋಟ ಪ್ರಕರಣದ ತೀರ್ಪು ಬರಲು ಇನ್ನೂ ಏಳು ವರ್ಷ ಬಾಕಿಯಿತ್ತು. 2015ರಲ್ಲಿ ವಿಶೇಷ ನ್ಯಾಯಾಲಯ 12 ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿ ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ವಿಧಿಸಿತು, ಒಬ್ಬರನ್ನು ಖುಲಾಸೆಗೊಳಿಸಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಆ 12 ಮಂದಿಯನ್ನೂ ಖುಲಾಸೆಗೊಳಿಸಿತು. ತಪ್ಪೊಪ್ಪಿಗೆಗಳು ನಂಬಲರ್ಹವಲ್ಲ, ಗುರುತು ಪತ್ತೆಯ ಪರೇಡ್ ಕ್ರಮಬದ್ಧವಾಗಿಲ್ಲ, ಬಳಸಿದ ಬಾಂಬು ಯಾವ ಬಗೆಯದೆಂಬುದನ್ನೂ ಪ್ರಾಸಿಕ್ಯೂಶನ್ ಸಾಬೀತುಪಡಿಸಿಲ್ಲ ಎಂದು ನ್ಯಾಯಪೀಠ ಹೇಳಿತು. ಅಷ್ಟರಲ್ಲಿ 19 ವರ್ಷ ಕಳೆದಿತ್ತು. ಒಬ್ಬ 2021ರಲ್ಲಿ ಜೈಲುವಾಸದಲ್ಲೇ ತೀರಿಕೊಂಡಿದ್ದ.

ಸರಕಾರ ಸುಪ್ರೀಂ ಕೋರ್ಟಿನ ಮೊರೆಹೋಯಿತು. ಈ ತೀರ್ಪನ್ನು ಇತರ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ ಜುಲೈ 24ರಂದು ಆದೇಶಿಸಿತಾದರೂ ಬಿಡುಗಡೆಯಾದವರನ್ನು ಜೈಲಿಗೆ ಮರಳಿಸಲಿಲ್ಲ. ಕಾನೂನಿನ ದಾರಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಈಗ ಒಂದು ಕ್ಷಣ ಯೋಚಿಸಿ. ‘ಎ ವೆಡ್ನೆಸ್‌ಡೇ’ಯ ಆ ಮಹಾಶಯ ನಿಜಜೀವನದಲ್ಲಿ ಇದ್ದಿದ್ದರೆ, ಆ ಕಾಲದಲ್ಲಿ ಜೈಲಿನಲ್ಲಿದ್ದ ಯಾರನ್ನು ಹೊರತರಿಸಿ ಕೊಲ್ಲುತ್ತಿದ್ದ? ಹೈಕೋರ್ಟ್ ಖುಲಾಸೆ ಮಾಡಿದ ಇದೇ ವ್ಯಕ್ತಿಗಳನ್ನಲ್ಲವೇ? ಚಿತ್ರಮಂದಿರದಲ್ಲಿ ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ?

ಇದು ಆರೋಪಿಗಳ ಮೇಲಿನ ಕನಿಕರದ ಮಾತಷ್ಟೇ ಅಲ್ಲ. ಆ ಸ್ಫೋಟದಲ್ಲಿ ಗಾಯಗೊಂಡ ಯುವಕನೊಬ್ಬ ಒಂಬತ್ತು ವರ್ಷ ಪ್ರಜ್ಞೆಯಿಲ್ಲದೆ ಮಲಗಿದ್ದು 2015ರಲ್ಲಿ ಕೊನೆಯುಸಿರೆಳೆದ. ಅಂಥವರ ಮನೆಯವರಿಗೆ ಪ್ರಭುತ್ವ ಕೊಡಬೇಕಾದ ಉತ್ತರವೇನು? ತಪ್ಪು ವ್ಯಕ್ತಿಯನ್ನು ಹಿಡಿದಾಗ ಸರಿಯಾದ ವ್ಯಕ್ತಿ ಹೊರಗೆ ಆರಾಮವಾಗಿ ಓಡಾಡಿಕೊಂಡಿರುತ್ತಾನೆ. ಮುಗ್ಧರ ರಕ್ತ ಹರಿಸಿದವರಿಗೆ ಕಠಿಣ ಶಿಕ್ಷೆಯಾಗಲೇಬೇಕು. ಅದಕ್ಕಾಗಿಯೇ ತನಿಖೆ ಪ್ರಾಮಾಣಿಕವಾಗಿರಬೇಕು. ಚಿತ್ರಹಿಂಸೆಯಿಂದ ಪಡೆದ ತಪ್ಪೊಪ್ಪಿಗೆ ಸಂತ್ರಸ್ತರಿಗೆ ಮಾಡುವ ಎರಡನೆಯ ಅನ್ಯಾಯ.

ಆದರೆ ತೆರೆಯ ಮೇಲೆ ಸೇಡಿನ ಕತೆಗೆ ಬೇಡಿಕೆ ಕುಗ್ಗಲಿಲ್ಲ. 2015ರ ‘ಫ್ಯಾಂಟಮ್’ನಲ್ಲಿ 26/11ರ ಸಂಚುಕೋರರನ್ನು ನಾಯಕ ದೇಶದೇಶ ಅಲೆದು ಕೊಂದು ಮುಗಿಸುತ್ತಾನೆ. ನಿಜ ಪ್ರಪಂಚದಲ್ಲಿ ಅದೇ ಪ್ರಕರಣದ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕದ ನ್ಯಾಯಾಲಯಗಳ ಮುಂದೆ ವಾದಿಸಿ, ದಾಖಲೆ ಒದಗಿಸಿ ಭಾರತಕ್ಕೆ ಕರೆತಂದದ್ದು 2025ರ ಏಪ್ರಿಲ್‌ನಲ್ಲಿ. ಇದರಲ್ಲಿ ರೋಮಾಂಚನವಿಲ್ಲ, ಆದರೆ ನ್ಯಾಯದ ದಾರಿ ಇದೇ. 2021ರ ‘ಸೂರ್ಯವಂಶಿ’ಯಲ್ಲಿ 1993ರಲ್ಲಿ ಬಳಸದೆ ಉಳಿದ ಸ್ಫೋಟಕವನ್ನು ಹಿಡಿದು ದಶಕಗಳಿಂದ ನಮ್ಮ ನಡುವೆ ಅಡಗಿರುವವರ ಕತೆಯಿದೆ. ಒಳ್ಳೆಯ ಮುಸ್ಲಿಮ್ ಯಾರು, ಕೆಟ್ಟ ಮುಸ್ಲಿಮ್ ಯಾರು ಎಂದು ಪೊಲೀಸ್ ನಾಯಕ ಪಾಠ ಹೇಳುತ್ತಾನೆ. ವರ್ಮಾ ಅವರ ಚಿತ್ರದಲ್ಲೂ ಶವಾಗಾರದಲ್ಲಿ ಪೊಲೀಸ್ ಅಧಿಕಾರಿಯೇ ಕಸಬ್‌ಗೆ ಧರ್ಮಬೋಧೆ ಮಾಡುತ್ತಾನೆ. ವಾಸ್ತವದಲ್ಲಿ ನಡೆದದ್ದೇನು? ಹತರಾದ ಒಂಬತ್ತು ಭಯೋತ್ಪಾದಕರ ಶವಗಳಿಗೆ ಮರೀನ್ ಲೈನ್ಸ್‌ನ ಬಡಾ ಖಬರಸ್ತಾನದಲ್ಲಿ ಜಾಗ ಕೊಡಲು ಅದರ ಆಡಳಿತ ಮಂಡಳಿ ಖಡಾಖಂಡಿತವಾಗಿ ನಿರಾಕರಿಸಿತು. ಶವಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಶವಾಗಾರದಲ್ಲೇ ಉಳಿದವು. ಯಾವ ಪೊಲೀಸ್ ಅಧಿಕಾರಿಯೂ ಬಂದು ಪಾಠ ಹೇಳುವ ಅಗತ್ಯ ಆ ಮಂಡಳಿಗೆ ಬೀಳಲಿಲ್ಲ.

ಹಾಗೆಂದು ಹಿಂದಿ ಚಿತ್ರರಂಗವೇ ಒಂದು ಸಂಚು ಎಂದು ಹೇಳಿ ಕೈತೊಳೆದುಕೊಳ್ಳುವ ಸುಲಭದ ದಾರಿಯನ್ನು ನಮ್ಮವರೂ ಬಿಡಬೇಕು. ‘ಎ ವೆಡ್ನೆಸ್‌ಡೇ’ಗೆ ಎರಡು ವಾರ ಮೊದಲು, ಅದೇ ರೈಲು ಸ್ಫೋಟದ ಹಿನ್ನೆಲೆಯಲ್ಲಿ, ನಿಶಿಕಾಂತ್ ಕಾಮತ್‌ರ ‘ಮುಂಬೈ ಮೇರಿ ಜಾನ್’ ಬಂದಿತ್ತು. ಅದರಲ್ಲಿ ನಗರ ಎದ್ದು ನಿಲ್ಲುವುದಿಲ್ಲ, ನಡುಗುತ್ತದೆ. ಸ್ಫೋಟದಿಂದ ಪಾರಾದ ಉದ್ಯೋಗಿ ಮತ್ತೆ ರೈಲು ಹತ್ತಲು ಹೆದರುತ್ತಾನೆ. ಮದುವೆಯಾಗಬೇಕಿದ್ದವನನ್ನು ಕಳೆದುಕೊಂಡ ವರದಿಗಾರ್ತಿಯ ದುಃಖವನ್ನು ಅವಳದೇ ಚಾನೆಲ್ ಮಾರಾಟಕ್ಕಿಡುತ್ತದೆ. ಮಾಲ್‌ನಿಂದ ಹೊರದಬ್ಬಿಸಿಕೊಂಡ ಬಡ ಕಾಫಿ ವ್ಯಾಪಾರಿ ಹುಸಿ ಬಾಂಬ್ ಕರೆ ಮಾಡಿ ಸೇಡು ತೀರಿಸಿಕೊಳ್ಳುತ್ತಾನೆ. ಎದುರಿಗೆ ಕಂಡ ಮುಸ್ಲಿಮ್ ಯುವಕನನ್ನೆಲ್ಲ ಶಂಕಿಸುವವನಿಗೆ ನಿವೃತ್ತಿಯಂಚಿನ ಪೊಲೀಸನೊಬ್ಬ ಬುದ್ಧಿ ಹೇಳುತ್ತಾನೆ. ಇದೇ ವಾಸ್ತವ. ಗಾಯವನ್ನು ಗಾಯವೆಂದು ಒಪ್ಪಿಕೊಂಡ ಚಿತ್ರವದು.

ಅನುರಾಗ್ ಕಶ್ಯಪ್‌ರ ‘ಬ್ಲ್ಯಾಕ್ ಫ್ರೈಡೇ’ 1993ರ ಸಂಚನ್ನೂ ತೋರಿಸಿತು, ಠಾಣೆಯೊಳಗಿನ ಕ್ರೌರ್ಯವನ್ನೂ ತೋರಿಸಿತು. ವಿಚಾರಣೆಯ ಮೇಲೆ ಪರಿಣಾಮ ಬೀರಬಹುದೆಂದು ನ್ಯಾಯಾಲಯ ಅದನ್ನು ತಡೆಹಿಡಿದುದರಿಂದ ಅದು 2007ರವರೆಗೆ ತೆರೆಕಾಣಲಿಲ್ಲ. ಹನ್ಸಲ್ ಮೆಹ್ತಾರ ‘ಶಾಹಿದ್’ 2013ರಲ್ಲಿ ಬಿಡುಗಡೆಯಾಯಿತು. ಭಯೋತ್ಪಾದನೆಯ ಪ್ರಕರಣಗಳಲ್ಲಿ ಆರೋಪಿಗಳ ಪರ ವಾದಿಸುತ್ತಿದ್ದ ವಕೀಲ ಶಾಹಿದ್ ಆಝ್ಮಿಯವರನ್ನು 2010ರ ಫೆಬ್ರವರಿ 11ರಂದು ಅವರ ಕಚೇರಿಯಲ್ಲೇ ಗುಂಡಿಕ್ಕಿ ಕೊಲ್ಲಲಾಗಿತ್ತು. 26/11ರ ಪ್ರಕರಣದಲ್ಲಿ ಅವರ ಕಕ್ಷಿದಾರನಾಗಿದ್ದ ಫಹೀಮ್ ಅನ್ಸಾರಿಯನ್ನು ಅದೇ ವರ್ಷದ ಮೇಯಲ್ಲಿ ನ್ಯಾಯಾಲಯ ಖುಲಾಸೆಗೊಳಿಸಿತು. ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಜನಸಾಮಾನ್ಯನ ನಿಜವಾದ ಸಾಹಸಕ್ಕೆ ಉದಾಹರಣೆ ಬೇಕಿದ್ದರೆ ಮೇಲ್ಛಾವಣಿಯಲ್ಲಿ ಕುಳಿತು ಫೋನಿನಲ್ಲಿ ಬೆದರಿಸುವ ಆ ಪಾತ್ರವನ್ನು ಬಿಟ್ಟು ಈ ವಕೀಲನನ್ನು ನೋಡಬೇಕು.

ಸಿನಿಮಾ ಬರೀ ಮನರಂಜನೆ, ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಆದರೆ ಪೊಲೀಸರು ಯಾರನ್ನೋ ಬಂಧಿಸಿ ಮುಖಕ್ಕೆ ಬಟ್ಟೆ ಹಾಕಿ ಕ್ಯಾಮೆರಾದ ಮುಂದೆ ನಿಲ್ಲಿಸಿದ ತಕ್ಷಣ ‘ಎನ್‌ಕೌಂಟರ್ ಮಾಡಿ’ ಎಂಬ ಕೂಗು ಏಳುತ್ತದಲ್ಲ, ಅದು ಎಲ್ಲಿಂದ ಕಲಿತ ಪಾಠ? ಸಾಕ್ಷ್ಯ ಕೇಳುವವನನ್ನು ದೇಶದ್ರೋಹಿಯೆಂದು ಕಾಣುವ ಮನಃಸ್ಥಿತಿಗೆ ನೀರೆರೆದವರಲ್ಲಿ ಇಂಥ ಚಿತ್ರಗಳೂ ಸೇರಿವೆ.

ಆದ್ದರಿಂದ ಮುಂದಿನ ಸಲ ಯಾರಾದರೂ ನಗರವೊಂದರ ‘ಸ್ಪಿರಿಟ್’ ಹೊಗಳಿದಾಗ ನಾವು ಕೆಲವು ಪ್ರಶ್ನೆಗಳನ್ನು ಮುಂದಿಡಬೇಕು. 2006ರಲ್ಲಿ ಆ ಏಳು ಬಾಂಬುಗಳನ್ನು ಇಟ್ಟವರು ಯಾರು? ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ 1997ರಲ್ಲಿ ಸಹಿಹಾಕಿದ ಭಾರತ ಅದನ್ನು ಅನುಮೋದಿಸಲು ಏಕೆ ಹಿಂಜರಿಯಿತು? ತಪ್ಪಾಗಿ ಜೈಲು ಸೇರಿದವರಿಗೆ ಪರಿಹಾರ ನೀಡುವ ಕಾನೂನು ಬೇಕೆಂದು 2018ರಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತ್ತು, ಅದರ ಗತಿ ಏನಾಯಿತು? ಈ ಪ್ರಶ್ನೆಗಳನ್ನು ಆರೋಪಿಗಳ ಕುಟುಂಬಗಳು ಮಾತ್ರ ಕೇಳಿದರೆ ಸಾಲದು. ಸತ್ತ 189 ಮಂದಿಯ ಕುಟುಂಬಗಳ ಜೊತೆ ನಿಂತು ಎಲ್ಲರೂ ಕೇಳಬೇಕು. ಏಕೆಂದರೆ ನ್ಯಾಯಕ್ಕಾಗಿ 19 ವರ್ಷ ಕಾದ ಈ ಎರಡೂ ಕಡೆಯವರನ್ನು ವಂಚಿಸಿದ್ದು ಒಂದೇ ತನಿಖೆ.