ಹೊಸ ಅಣೆಕಟ್ಟೆಗೆ ಮಣ್ಣನ್ನು ನಂಬಬಹುದೆ?

ಪರ

ಧಾರಾಳವಾಗಿ ನಂಬಬಹುದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಮಣ್ಣಿನ ಏರಿ ಶತಮಾನಗಳಿಂದ ನೀರು ಹಿಡಿದು ನಿಂತಿಲ್ಲವೆ? ಎತ್ತರದ ಕಾಂಕ್ರೀಟ್ ಕಟ್ಟೆಯ ಭಾರ ಹೊರಲು ತಳದಲ್ಲಿ ಗಟ್ಟಿ ಬಂಡೆ ಬೇಕು. ಮಣ್ಣಿನ ಕಟ್ಟೆಯ ಭಾರ ಅಗಲವಾದ ಬುಡಕ್ಕೆಲ್ಲ ಹಂಚಿಹೋಗುವುದರಿಂದ, ಬಂಡೆ ಆಳದಲ್ಲಿರುವ ಕಣಿವೆಗೂ ಅದು ಒಗ್ಗುತ್ತದೆ.

ಸಿಕ್ಕ ಮಣ್ಣನ್ನು ಸುರಿದರೆ ಅಣೆಕಟ್ಟೆ ಆಗುವುದಿಲ್ಲ. ನಡುವೆ ನೀರು ತಡೆಯುವ ಜೇಡಿಮಣ್ಣಿನ ಗರ್ಭ, ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿಯಲು ಗರಸು ಅಥವಾ ಕಲ್ಲು. ಗರ್ಭದ ಹಿಂದೆ ಮರಳಿನ ಸೋಸುಪದರ: ಸೋರುವ ನೀರನ್ನು ಬಿಟ್ಟು, ಮಣ್ಣಿನ ಕಣವನ್ನು ಅದು ತಡೆಯುತ್ತದೆ. ನೀರಿನ ಮಗ್ಗುಲಿಗೆ ಅಲೆಯ ಹೊಡೆತ ತಾಳುವ ಕಲ್ಲುಹಾಸು. ತೆಳುವಾಗಿ ಹಾಸಿದ ಒಂದೊಂದು ಪದರಕ್ಕೂ ಹದವಾದ ತೇವದಲ್ಲಿ ರೋಲರ್ ಹೊಡೆಸಬೇಕು. ಜೇಡಿ ಸಿಗದ ಕಡೆ ಕಲ್ಲು ತುಂಬಿ, ನೀರಿನ ಬದಿಗೆ ಕಾಂಕ್ರೀಟ್ ಹೊದಿಸುವುದೂ ಉಂಟು.

ಭೂಕಂಪದ ಭಯವಿರುವ ಹಿಮಾಲಯದಲ್ಲಿ ನಿಂತಿರುವ 260.5 ಮೀಟರ್ ಎತ್ತರದ ತೆಹ್ರಿ ಕಟ್ಟೆ ಮಣ್ಣು-ಕಲ್ಲಿನದೇ. ನೆಲ ಕದಲಿದರೆ ತುಸು ಕುಸಿದು ಹೊಂದಿಕೊಳ್ಳುವ ಗುಣ ಮಣ್ಣಿಗಿದೆ. ಸಾಮಗ್ರಿ ಅಕ್ಕಪಕ್ಕದಲ್ಲೇ ದೊರೆತರೆ ಸಿಮೆಂಟಿನ ಖರ್ಚೂ ಸಾಗಣೆಯ ಖರ್ಚೂ ಉಳಿಯುತ್ತದೆ.

ವಿರೋಧ

ಮಣ್ಣಿನ ಕಟ್ಟೆಯಲ್ಲಿ ಸಣ್ಣ ಎಡವಟ್ಟಿಗೂ ದೊಡ್ಡ ದಂಡ ತೆರಬೇಕು. ನೆತ್ತಿಯ ಮೇಲೆ ನೀರು ಹರಿದರೆ ಕಾಂಕ್ರೀಟ್ ತಾಳಿಕೊಂಡೀತು, ಮಣ್ಣು ತಾಳದು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು-2 ಕಟ್ಟೆಗೆ ಕೋಡಿಯ ಲೆಕ್ಕಾಚಾರ ಮೀರಿದ ನೆರೆ ಬಂತು. ನಡುವಿನ ಕಲ್ಲುಕಟ್ಟಡದ ಕೋಡಿ ಉಳಿಯಿತು. ಎರಡೂ ಪಕ್ಕದ ಮಣ್ಣಿನ ಏರಿ ಕೊಚ್ಚಿಹೋಯಿತು. ಕೆಳಗಿದ್ದ ಮೋರ್ಬಿ ಪಟ್ಟಣ ಮುಳುಗಿ ಸಾವಿರಾರು ಜನ ಸತ್ತರು.

ನೆರೆಯೇ ಬರಬೇಕೆಂದಿಲ್ಲ. ಅಮೆರಿಕದ ಐಡಹೊದಲ್ಲಿ ಟೀಟನ್ ಕಟ್ಟೆ 1976ರ ಜೂನ್ 5ರಂದು, ಮೊದಲ ಸಲ ತುಂಬುತ್ತಿರುವಾಗಲೇ ಒಡೆಯಿತು. ಅದರ ಗರ್ಭದ ನವುರು ಮಣ್ಣನ್ನು ಒಳಸೋರಿಕೆ ತೊಳೆದು ಹಾಕಿತ್ತು. ಬೆಳಗ್ಗೆ ದೊಡ್ಡದಾದ ಸೋರಿಕೆ ಮಧ್ಯಾಹ್ನದ ಹೊತ್ತಿಗೆ ಕಟ್ಟೆಯನ್ನೇ ಒಡೆದುಹಾಕಿತು.

ಸೋಸುಪದರ ಇದ್ದರೆ ಸಾಕೆಂಬ ವಾದ ಕಾಗದದ ಮೇಲೆ ಸರಿ. ಮರಳಿನ ದಪ್ಪ, ಮಣ್ಣಿನ ತೇವ, ರೋಲರಿನ ಸುತ್ತು, ಇವನ್ನು ವರ್ಷಗಟ್ಟಲೆ ಪ್ರತಿ ಪದರದಲ್ಲೂ ಕಾಯುವವರು ಯಾರು? ನಮ್ಮ ಎರೆಮಣ್ಣಂತೂ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಇನ್ನು ಅಗ್ಗದ ಮಾತು: ಮಣ್ಣು ಅಗೆದ ಜಮೀನಿನ ಬೆಲೆಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕಲ್ಲ?

ಗಟ್ಟಿ ಬಂಡೆ ಸಿಗುವ ಕಡೆ ಕಾಂಕ್ರೀಟೇ ಇರಲಿ. ಮಣ್ಣೇ ಅನಿವಾರ್ಯವಾದರೆ, ಅದರಿಂದ ಉಳಿದ ಹಣವನ್ನು ಮೊದಲು ಕೋಡಿ ಅಗಲಿಸಲು ಖರ್ಚು ಮಾಡಿ.