ಮೊದಲು ನಿಲ್ಲಲಿ, ಆಮೇಲೆ ಓಡಲಿ

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಹಿತ್ತಲಿನ ಶೆಡ್ಡಿನಲ್ಲಿ 1978ರ ಒಂದು ಪದ್ಮಿನಿ ಕಾರು. ತಾತ ಕೊಂಡದ್ದು. ತಾತ ಹೋದ ಮೇಲೆ ಹತ್ತು ಹನ್ನೆರಡು ವರ್ಷ ಅದನ್ನು ಯಾರೂ ಮುಟ್ಟಿಲ್ಲ. ಟೈರುಗಳು ನೆಲಕ್ಕೆ ಅಂಟಿವೆ, ಹಿಂದಿನ ಸೀಟಿನಲ್ಲಿ ಇಲಿಗಳು ಸಂಸಾರ ಹೂಡಿವೆ. ಗುಜರಿಯವನು ಎರಡು ಸಲ ಬಂದು ಬೆಲೆ ಕೇಳಿ ಹೋಗಿದ್ದಾನೆ. ಪಿ.ಯು.ಸಿ. ಪರೀಕ್ಷೆ ಮುಗಿಸಿ ರಜೆಯಲ್ಲಿರುವ ಮಗನದು ಒಂದೇ ಹಟ: “ಕೊಡಬೇಡಿ ಅಪ್ಪ, ನಾನೇ ಸರಿ ಮಾಡ್ತೀನಿ.” ತಂದೆ ಅರೆಮನಸ್ಸಿನಿಂದ ಒಪ್ಪುತ್ತಾರೆ. ಮರುದಿನವೇ ಹುಡುಗ ಪೇಟೆಗೆ ಹೋಗಿ ತರುವುದೇನು? ಒಂದು ಡಬ್ಬ ಬಣ್ಣ, ಎರಡು ಬ್ರಷ್ಷು!

ಹಳೆಯ ಕಾರನ್ನು ಮನೆಯಲ್ಲೇ ದುರಸ್ತಿ ಮಾಡಹೊರಟ ಹೊಸಬರು ಸಾಮಾನ್ಯವಾಗಿ ಎಡವುವುದೇ ಇಲ್ಲಿ. ಬಣ್ಣ ಎಲ್ಲಕ್ಕಿಂತ ಕೊನೆಯ ಕೆಲಸ. ಈ ಹವ್ಯಾಸಕ್ಕೆ ಕೈ ಹಾಕುವವರು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಳ್ಳಬೇಕಾದ ಸೂತ್ರವೊಂದಿದೆ: ಮೊದಲು ನಿಲ್ಲಲಿ, ಆಮೇಲೆ ಓಡಲಿ, ಕೊನೆಗೆ ಹೊಳೆಯಲಿ. ಕನ್ನಡದ ‘ನಿಲ್ಲು’ ಎಂಬ ಮಾತಿಗೆ ಇಲ್ಲಿ ಎರಡೂ ಅರ್ಥ ಸಲ್ಲುತ್ತದೆ. ಕಾರು ತನ್ನ ಮೈಕಟ್ಟಿನ ಬಲದಿಂದ ನಿಲ್ಲಬೇಕು; ಬ್ರೇಕ್ ತುಳಿದಾಗಲೂ ನಿಲ್ಲಬೇಕು.

ಕಾರಿನ ಕುಲಗೋತ್ರವನ್ನು ಸ್ವಲ್ಪ ತಿಳಿದರೆ ಕೆಲಸ ಸುಲಭ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪೆನಿ, ಇಟಲಿಯ ಫಿಯಟ್ 1100 ಕಾರನ್ನು ಭಾರತದಲ್ಲಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ‘ಪದ್ಮಿನಿ’ ಎಂಬ ಹೆಸರು ಬಂತು. 1089 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಹಿಡಿ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ದಶಕಗಳ ಕಾಲ ಇದೇ ಕಾರು. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ನಿವೃತ್ತಿಯಾದದ್ದು 2023ರ ಅಕ್ಟೋಬರಿನಲ್ಲಿ. ಕಂಪ್ಯೂಟರ್ ಇಲ್ಲದ, ಬಾನೆಟ್ ಎತ್ತಿದರೆ ಪ್ರತಿಯೊಂದು ಅಂಗವೂ ಕಣ್ಣಿಗೆ ಕಾಣುವ ಇಂಥ ಕಾರು ಕಲಿಯುವವರಿಗೆ ತೆರೆದಿಟ್ಟ ಪಠ್ಯಪುಸ್ತಕವಿದ್ದಂತೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದಪತ್ರ ಹಿಡಿಯಬೇಕು. ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳು ಕಾರಿನ ಮೇಲೆ ಕೊರೆದ ಸಂಖ್ಯೆಗಳಿಗೆ ತಾಳೆಯಾಗುತ್ತವೆಯೇ? ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಣ. 50 ವರ್ಷ ದಾಟಿದ, ಮೂಲರೂಪ ಕೆಡದ ಕಾರುಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿದೆ. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇದನ್ನೆಲ್ಲ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ತಿಳಿದ ಮೇಲೆಯೇ ಖರ್ಚಿಗೆ ಇಳಿಯುವುದು ಜಾಣತನ.

ಇನ್ನು ಮೈಕಟ್ಟು. ಲಾರಿಗಳಿಗೆ ಇರುವಂತೆ ಕೆಳಗೊಂದು ಉಕ್ಕಿನ ಚೌಕಟ್ಟು, ಮೇಲೊಂದು ಪೆಟ್ಟಿಗೆ ಎಂಬ ವ್ಯವಸ್ಥೆ ಪದ್ಮಿನಿಯಲ್ಲಿಲ್ಲ. ಅಂಬಾಸಿಡರಿನಲ್ಲೂ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಟೊಳ್ಳು ತೊಲೆಗಳು, ಚಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಒಟ್ಟಾಗಿ ಭಾರ ಹೊರುತ್ತವೆ. ಆದ್ದರಿಂದ ಇಲ್ಲಿ ತುಕ್ಕು ಬರಿಯ ಅಂದಗೇಡಿನ ವಿಷಯವಲ್ಲ. ಬಾಗಿಲ ಕೆಳಗಿನ ತೊಲೆ ತುಕ್ಕಿಗೆ ತುತ್ತಾಯಿತೆಂದರೆ ಮನೆಯ ತೊಲೆಗೆ ಗೆದ್ದಲು ಹಿಡಿದಂತೆಯೇ ಸರಿ.

ಕಬ್ಬಿಣ ತುಕ್ಕು ಹಿಡಿಯಲು ನೀರೂ ಬೇಕು, ಆಮ್ಲಜನಕವೂ ಬೇಕು. ಮೂರು ಪ್ರನಾಳಗಳಲ್ಲಿ ಮೊಳೆ ಇಟ್ಟು ಇದನ್ನು ಶಾಲೆಯಲ್ಲೇ ಎಲ್ಲರೂ ನೋಡಿರುತ್ತಾರೆ. ಉಪ್ಪು ಸೇರಿದರೆ ಈ ಕ್ರಿಯೆ ಇನ್ನೂ ಚುರುಕು. ಅಲ್ಯೂಮಿನಿಯಂ ಮೇಲೆ ಹುಟ್ಟುವ ಆಕ್ಸೈಡ್ ಪದರ ಬಿಗಿಯಾಗಿ ಕುಳಿತು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಹಕ್ಕಳೆಯಾಗಿ ಉದುರುತ್ತದೆ. ಒಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿ ನೀರಿಗೆ ಒಡ್ಡುತ್ತದೆ. ಅದರ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಕೆಲವು ತಿಂಗಳು ಕಾರು ಕನ್ನಡಿಯಂತೆ ಕಾಣಬಹುದು. ಒಳಗೆ ತುಕ್ಕು ತನ್ನ ಕೆಲಸ ಮುಂದುವರಿಸಿರುತ್ತದೆ.

ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಒಂದು ಅಯಸ್ಕಾಂತಕ್ಕೆ ತೆಳುವಾದ ಬಟ್ಟೆ ಸುತ್ತಿ ಕಾರಿನ ಮೈಮೇಲೆ ಸರಿಸುತ್ತ ಹೋಗಿ. ಅದು ಹಿಡಿತ ಬಿಟ್ಟ ಜಾಗದಲ್ಲಿ ತಗಡಿನ ಬದಲು ದಪ್ಪ ಪುಟ್ಟಿ ಇದೆಯೆಂದು ಅರ್ಥ. ನೆಲದ ಮ್ಯಾಟುಗಳನ್ನು ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ತಟ್ಟಿ. ಗಟ್ಟಿ ತಗಡು ‘ಟಣ್’ ಎನ್ನುತ್ತದೆ, ಸತ್ವ ಹೋದದ್ದು ‘ಡಬ್’ ಎನ್ನುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಕೊಂಡಿದ್ದರೆ ಬಾಗಿಲು ಒಳಗಿನಿಂದಲೇ ಕೊಳೆತಿರುತ್ತದೆ. ತೂತು ಬಿದ್ದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು ಅನುಭವಿ ಟಿಂಕರಿಂಗ್ ಕೆಲಸಗಾರನಿಗೆ ಬಿಡಬೇಕಾದ ಕೆಲಸ. ತೊಲೆಗಳೂ ನೆಲವೂ ಪೂರ್ತಿ ಹೋಗಿದ್ದರೆ, ಎಷ್ಟೇ ಪ್ರೀತಿಯ ಕಾರಾದರೂ, ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಈ ನಿರ್ಧಾರವನ್ನು ಬಣ್ಣಕ್ಕೆ ದುಡ್ಡು ಸುರಿಯುವ ಮೊದಲು ಮಾಡಬೇಕು, ಆಮೇಲಲ್ಲ.

ನಮ್ಮ ಹುಡುಗನ ಅದೃಷ್ಟ ಚೆನ್ನಾಗಿದೆ ಎಂದುಕೊಳ್ಳೋಣ. ತೊಲೆಗಳು ಗಟ್ಟಿ ಇವೆ. ಇನ್ನು ಬ್ರೇಕು.

ಬ್ರೇಕಿನ ಕೆಲಸವೇನೆಂದು ಲೆಕ್ಕ ಹಾಕಿದರೆ ಅದರ ಮೇಲೆ ಗೌರವ ಮೂಡುತ್ತದೆ. 900 ಕಿಲೋ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 1,25,000 ಜೂಲ್. ಒಂದು ಲೀಟರ್ ನೀರಿನ ಉಷ್ಣತೆಯನ್ನು 30 ಡಿಗ್ರಿ ಏರಿಸುವಷ್ಟು ಶಕ್ತಿ ಇದು. ಬ್ರೇಕ್ ಒತ್ತಿದ ಕೆಲವೇ ಕ್ಷಣಗಳಲ್ಲಿ ಇದರ ಬಹುಪಾಲು ಡ್ರಮ್ಮುಗಳಲ್ಲಿ ಶಾಖವಾಗಿ ಬದಲಾಗಬೇಕು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು.

ಪಾದದ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಹಂಚುವುದು ಪಾಸ್ಕಲನ ನಿಯಮ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಸಾಗುತ್ತದೆ. ಉದಾಹರಣೆಗೆ, ಪಾದ 15 ಕಿಲೋ ಬಲ ಹಾಕಿತೆನ್ನಿ. ಪೆಡಲಿನ ಸನ್ನೆ ಅದನ್ನು ನಾಲ್ಕು ಪಟ್ಟು ಮಾಡಿ 60 ಕಿಲೋ ಆಗಿಸುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ವಿಸ್ತೀರ್ಣ 3 ಚದರ ಸೆಂಟಿಮೀಟರಾದರೆ ದ್ರವದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 20 ಕಿಲೋ ಒತ್ತಡ. ಚಕ್ರದ ಬಳಿಯ ಪಿಸ್ಟನ್ 4.5 ಚದರ ಸೆಂಟಿಮೀಟರಾದರೆ ಅಲ್ಲಿ ಸಿಗುವ ಬಲ 90 ಕಿಲೋ. ತರಗತಿಯಲ್ಲಿ ಅಂಕಕ್ಕಾಗಿ ಬಿಡಿಸುವ ಲೆಕ್ಕದ ಮೇಲೆಯೇ ನಾಲ್ಕು ಜನರ ಪ್ರಾಣ ನಿಂತಿರುತ್ತದೆ.

ಹನ್ನೆರಡು ವರ್ಷ ನಿಂತ ಕಾರಿನಲ್ಲಿ ಈ ಲೆಕ್ಕ ತಪ್ಪುವುದು ಹೇಗೆ? ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ ನಿಜವಾಗಿ ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಸುವ ಗ್ಲೈಕಾಲ್ ಜಾತಿಯ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇಕಡ 3.7ರಷ್ಟು ನೀರು ಸೇರಿದರೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕ್ ಕಾಯ್ದರೆ ಇಂಥ ದ್ರವ ಕುದ್ದು ಆವಿಯ ಗುಳ್ಳೆಗಳಾಗುತ್ತವೆ. ದ್ರವ ಒತ್ತಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದಲ್ಲದೆ, ಸೇರಿದ ನೀರು ಸಿಲಿಂಡರುಗಳ ಒಳಮೈಗೆ ತುಕ್ಕು ಹಿಡಿಸುತ್ತದೆ. ರಬ್ಬರ್ ಕಪ್ಪುಗಳು ಗಡುಸಾಗಿ ಸೀಳುತ್ತವೆ.

ಆದ್ದರಿಂದ ರಬ್ಬರ್ ಕಪ್ಪುಗಳು, ಹೋಸುಗಳು, ದ್ರವ ಎಲ್ಲವನ್ನೂ ಬದಲಿಸಲೇಬೇಕು. ಸಿಲಿಂಡರ್ ಒಳಗೆ ಗುಳಿ ಬಿದ್ದಿದ್ದರೆ ಅದನ್ನೂ. ಬ್ರೇಕ್ ದ್ರವದ ಜಾಗಕ್ಕೆ ತಪ್ಪಿಯೂ ಎಂಜಿನ್ ಆಯಿಲ್ ಸುರಿಯಬಾರದು, ರಬ್ಬರ್ ಊದಿ ಹಾಳಾಗುತ್ತದೆ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಡ್ರಮ್ ಬಿಚ್ಚಿದಾಗ ಬಾಯಿಂದ ಊದುವುದಾಗಲಿ ಗಾಳಿ ಹೊಡೆಯುವುದಾಗಲಿ ಕೂಡದು. ಮುಖಕ್ಕೆ ಒಳ್ಳೆಯ ಮಾಸ್ಕ್ ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಜಾಕಿಯ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿ, ಅಲುಗಾಡಿಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಇಟ್ಟಿಗೆಗಳನ್ನು ನಂಬಬೇಡಿ, ಅವು ಸದ್ದಿಲ್ಲದೆ ಒಡೆಯುತ್ತವೆ.

ಹೊಸ ದ್ರವ ತುಂಬಿದ ಮೇಲೆ ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕಬೇಕು. ಮೆಕ್ಯಾನಿಕ್‌ಗಳು ಇದಕ್ಕೆ ‘ಏರ್ ತೆಗೆಯುವುದು’ ಎನ್ನುತ್ತಾರೆ. ಮನೆಯಲ್ಲಿ ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲಿನ ಮೇಲೆ, ಇನ್ನೊಬ್ಬರು ಚಕ್ರದ ಬಳಿ. ಅಷ್ಟು ದಿನ ದೂರದಲ್ಲಿ ನಿಂತು ನೋಡುತ್ತಿದ್ದ ತಂದೆ ಈಗ ಸ್ಟೀರಿಂಗ್ ಹಿಂದೆ ಕೂರಲೇಬೇಕು. “ಒತ್ತಿ ಅಪ್ಪ... ಹಾಗೇ ಹಿಡೀರಿ.” ಮಗ ನಿಪ್ಪಲ್ ಸಡಿಲಿಸುತ್ತಾನೆ, ಪಾರದರ್ಶಕ ಕೊಳವೆಯಲ್ಲಿ ಗುಳ್ಳೆಗಳು ಹೊರಡುತ್ತವೆ. ನಿಪ್ಪಲ್ ಬಿಗಿಯುತ್ತಾನೆ. “ಈಗ ಬಿಡಿ.” ಬಿಗಿಯುವ ಮೊದಲೇ ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಂತು ಪೆಡಲ್ ಕಲ್ಲಿನಂತೆ ಗಟ್ಟಿಯಾಗುವ ತನಕ, ನಾಲ್ಕು ಚಕ್ರಕ್ಕೂ ಹೀಗೆಯೇ. ಮಗ ಹೇಳಿದಂತೆ ತಂದೆ ಕೇಳುವ, ತಂದೆಯ ಕಾಲನ್ನು ಮಗ ನಂಬುವ ಸಂದರ್ಭ ಮನೆಗಳಲ್ಲಿ ಎಷ್ಟು ಸಲ ಬರುತ್ತದೆ? ಕೊನೆಗೆ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಎಲ್ಲವನ್ನೂ ತೋರಿಸುವುದು ಮಾತ್ರ ಕಡ್ಡಾಯ. ಇದರಲ್ಲಿ ಅವಮಾನವೇನಿಲ್ಲ.

ಈಗ ಎಂಜಿನ್. ಹೊಸ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸುವ ಆತುರ ಬೇಡ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದೆರಡು ದಿನ ನೆನೆಯಲು ಬಿಡಿ. ಆಮೇಲೆ ಎಂಜಿನ್ನನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ ನೋಡಿ. ಒಣಗಿದ ಪಿಸ್ಟನ್ ರಿಂಗುಗಳು ಸ್ಟಾರ್ಟರಿನ ಒರಟು ಬಲಕ್ಕೆ ಮುರಿಯದೆ ಉಳಿಯುತ್ತವೆ. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲ್ ಅಂಟಾಗಿರುತ್ತದೆ; ಅದನ್ನು ಬೆಂಕಿಯಿಂದ ದೂರದಲ್ಲಿ, ಬಯಲಿನಲ್ಲಿ ತೆಗೆದು ಕಾರ್ಬುರೇಟರ್ ಶುಚಿಗೊಳಿಸಬೇಕು. 2025ರ ಹೊತ್ತಿಗೆ ದೇಶದಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಎಲ್ಲೆಡೆ ಬಂದಿದೆ. ಹಳೆಯ ರಬ್ಬರಿಗೆ ಎಥನಾಲ್ ಹೊಂದುವುದಿಲ್ಲ. ಪೆಟ್ರೋಲ್ ಕೊಳವೆ, ಪಂಪಿನ ಡಯಾಫ್ರಾಮುಗಳನ್ನು ಅದನ್ನು ತಾಳುವ ಹೊಸ ಬಗೆಯವಕ್ಕೆ ಬದಲಿಸುವುದು ಕ್ಷೇಮ. ಎಂಜಿನ್ ಚಾಲೂ ಮಾಡುವುದು ತೆರೆದ ಜಾಗದಲ್ಲೇ ಆಗಲಿ. ಮುಚ್ಚಿದ ಶೆಡ್ಡಿನಲ್ಲಿ ಸೇರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಿಚ್ಚುವುದು ಯಾರಿಗಾದರೂ ಬರುತ್ತದೆ, ಜೋಡಿಸುವುದೇ ವಿದ್ಯೆ. ಬಿಚ್ಚುವ ಮೊದಲು ಒಂದು ಫೋಟೋ, ಬಿಚ್ಚಿದ ಮೇಲೆ ಒಂದು ಫೋಟೋ. ಒಂದೊಂದು ಭಾಗದ ಬೋಲ್ಟುಗಳಿಗೂ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಚೀಟಿ. ಜೊತೆಗೊಂದು ನೋಟ್‌ಬುಕ್ಕು. ಪ್ರಯೋಗಶಾಲೆಯ ರೆಕಾರ್ಡನ್ನು ಬೇಸರದಿಂದ ಬರೆಯುವ ಹುಡುಗ ಇಲ್ಲಿ ಒಂದು ವಾಷರ್ ಎಲ್ಲಿಯದೆಂದು ತಿಳಿಯದೆ ಒಂದು ಭಾನುವಾರ ಕಳೆದುಕೊಂಡರೆ ಸಾಕು, ರೆಕಾರ್ಡಿನ ಬೆಲೆ ಅರಿಯುತ್ತಾನೆ.

ಎಲ್ಲ ಮುಗಿದ ಮೇಲೆ ಆ ಬಣ್ಣದ ಡಬ್ಬ ತೆರೆಯಬಹುದು. ತುಕ್ಕನ್ನು ಉಪ್ಪುಕಾಗದದಿಂದ ಹೊಳೆಯುವ ಲೋಹ ಕಾಣುವ ತನಕ ಉಜ್ಜಿ, ಅದೇ ದಿನ ಪ್ರೈಮರ್ ಬಳಿಯಬೇಕು. ರಾತ್ರಿಯ ತೇವವೊಂದೇ ಸಾಕು, ಬರಿಯ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗಬಹುದು.

ಹೆತ್ತವರಿಗೆ ಎರಡು ಮಾತು. ಖರ್ಚಿಗೆ ಒಂದು ಮಿತಿ ಹಾಕಿ, ಅವಸರಕ್ಕೆ ಅವಕಾಶ ಕೊಡಬೇಡಿ. ಒಂದು ರಜೆಯಲ್ಲಿ ಮುಗಿಯುವ ಕೆಲಸ ಇದಲ್ಲ. ಎರಡು ಮೂರು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. 18 ತುಂಬಿ ಲೈಸೆನ್ಸ್ ಬರುವ ತನಕ ಮಗನಾಗಲಿ ಮಗಳಾಗಲಿ ರಸ್ತೆಯಲ್ಲಿ ಚಕ್ರ ಹಿಡಿಯಕೂಡದು, ಕಾರನ್ನು ಜೋಡಿಸಿದವರು ಅವರೇ ಆದರೂ.

ಒಂದು ದಿನ ಆ ಪದ್ಮಿನಿ ಗೇಟಿನವರೆಗೆ ಹತ್ತು ಮಾರು ಸರಿಯುತ್ತದೆ. ತಂದೆ ಬ್ರೇಕ್ ಒತ್ತುತ್ತಾರೆ. ಕಾರು ನಿಲ್ಲುತ್ತದೆ. ಅದರ ಮೈಮೇಲೆ ಇನ್ನೂ ಅಲ್ಲಲ್ಲಿ ಪ್ರೈಮರಿನ ಕೆಂಪು ಕಲೆಗಳಿರಬಹುದು, ಬೀದಿಯವರು ನೋಡಿ ನಗಲೂಬಹುದು. ಪೆಡಲಿನ ಕೆಳಗೆ ಏನಾಯಿತೆಂದು ಬಲ್ಲ ಹುಡುಗನಿಗೆ ಮಾತ್ರ ಅಂದು ಆ ಬಣ್ಣದ ಡಬ್ಬದ ನೆನಪೂ ಆಗದು.