ಹೊಸ ಮೆಷಿನ್ ಅಂದ್ರೆ ಗುರಿ ತಪ್ಪಲ್ವಾ?

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ಅಪ್ಪನ ಮೆದುಳಿನಲ್ಲಿ ಗಡ್ಡೆ, ಬಯಾಪ್ಸಿ ಆಗಬೇಕು. "ತಲೆಗೆ ಚೌಕಟ್ಟು ಬಿಗಿದು ಮಾಡ್ತಾರಂತೆ ಕಣೋ. ಈ ಕಾಲದಲ್ಲೂ ಹೀಗಾ? ಕಂಪ್ಯೂಟರ್ ನ್ಯಾವಿಗೇಶನ್ ಇರೋ ಕಡೆ ಹೋಗೋಣ ಅಂತಿದೀನಿ" ಅಂದ.

ಅವನ ಗಾಬರಿ ನನಗೆ ಅರ್ಥ ಆಗತ್ತೆ. ಆದ್ರೆ ಹಳೇದು ಅಂದ ಮಾತ್ರಕ್ಕೆ ಕಳಪೆ ಅಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1949ರಲ್ಲಿ ಪ್ರಕಟಿಸಿದ ಚೌಕಟ್ಟಿನ ಸುಧಾರಿತ ರೂಪ ಇವತ್ತಿಗೂ ಬಳಕೆಯಲ್ಲಿದೆ. ಅದನ್ನು ತಲೆಬುರುಡೆಗೆ ಬಿಗಿದ ಮೇಲೆ ಸ್ಕ್ಯಾನ್ ಮಾಡೋದ್ರಿಂದ ಸೂಜಿ ಗುರಿಯಿಂದ ಸರಿಯೋದು ಸಾಮಾನ್ಯವಾಗಿ 1-2 ಮಿಲಿಮೀಟರ್ ಅಷ್ಟೇ. ಚೌಕಟ್ಟಿಲ್ಲದ ವಿಧಾನದಲ್ಲಿ ಮೊದಲೇ ತೆಗೆದ ಸ್ಕ್ಯಾನನ್ನು ರೋಗಿಯ ತಲೆಗೆ ಕಂಪ್ಯೂಟರಿನಲ್ಲಿ ಹೊಂದಿಸಬೇಕು. ಅಲ್ಲಿ ಇನ್ನಷ್ಟು ತಪ್ಪು ಸೇರಿಕೊಳ್ಳಬಹುದು.

ಹಾಗಂತ ಹೊಸದು ಬೇಡ ಅಂತಲ್ಲ. ಎರಡರಲ್ಲೂ ಸುಮಾರು 10ರಲ್ಲಿ 9 ಸಲ ರೋಗ ಯಾವುದು ಅಂತ ಗೊತ್ತಾಗತ್ತೆ. ಗಡ್ಡೆ ದೊಡ್ಡದಿದ್ರೆ ಒಂದೆರಡು ಮಿಲಿಮೀಟರ್ ಲೆಕ್ಕಕ್ಕಿಲ್ಲ. ಆಳದಲ್ಲಿ ಕಡಲೆಕಾಳಿನಷ್ಟಿದ್ರೆ ಅದೇ ದೊಡ್ಡ ಲೆಕ್ಕ!

ಅವನಿಗೆ ಹೇಳಿದ್ದಿಷ್ಟು: "ಮೆಷಿನ್ ಯಾವುದು ಅಂತ ಆಮೇಲೆ ಕೇಳು. ಗಡ್ಡೆ ಎಷ್ಟು ದೊಡ್ಡದು, ಎಷ್ಟು ಆಳದಲ್ಲಿದೆ, ಯಾವ ವಿಧಾನದಲ್ಲಿ ಡಾಕ್ಟರ ಕೈ ಪಳಗಿದೆ ಅಂತ ಮೊದಲು ಕೇಳು."

ನೀವೇನಂತೀರಿ?